ಯೂಪ್ ಸೊಬೊಟ್ಕಾ ಸುತ್ತಿದ ಪಟ್ಟಿ

ಯೂಪ್ ಸೊಬೊಟ್ಕಾನ ಕೈ ನೋಡಿದರೆ ಅವು ಗಾಯ ಕಟ್ಟುವ ಕೈ ಅಂತ ಯಾರೂ ನಂಬುತ್ತಿರಲಿಲ್ಲ. ಆದರೆ ಜರ್ಮನಿಯ ಎಸ್ಸೆನ್ನಿನ ಕಲ್ಲಿದ್ದಲು ಗಣಿಯೊಳಗೆ ಇಪ್ಪತ್ತಾರು ವರ್ಷ ಆತ ಮಾಡಿದ್ದು ಅದೊಂದೇ ಕೆಲಸ. ಸಾವಿರ ಮೀಟರ್ ಕೆಳಗೆ ಬಂಡೆ ಬಿದ್ದು ಕಾಲು ಜಜ್ಜಿಹೋದವನ ಬಾಯಿಗೆ ಬೆಲ್ಟು ತುರುಕಿ, "ಕಚ್ಕೋ ಮಗನೇ, ಅಮ್ಮನ್ನ ಆಮೇಲೆ ಕರೆಯೋವಂತೆ" ಅನ್ನುತ್ತಾ ಮೂಳೆ ಎಳೆದು ಕೂರಿಸುತ್ತಿದ್ದ. ಗಣಿಯಲ್ಲಿ ಒಂದು ರೂಢಿಯಿತ್ತು. ತಲೆಗೆ ಪೆಟ್ಟು ತಿಂದವನು ತನ್ನ ಕಾಲ ಮೇಲೆ ತಾನು ಎದ್ದು ನಿಂತನೋ, ಆ ಸುದ್ದಿ ಮೇಲಿನ ಡಾಕ್ಟರಿಗೆ ಹೋಗಬಾರದು. ಹೋದರೆ ಅವನನ್ನು ಮೇಲಕ್ಕೆಳೆದು ಕಸ ಗುಡಿಸಲು ಹಾಕುತ್ತಿದ್ದರು, ಮಾನವಂತರಿಗೆ ಅದಕ್ಕಿಂತ ಸಾವೇ ವಾಸಿ. ಯೂಪ್ ತುಟಿ ಹೊಲಿದುಕೊಂಡಿರುತ್ತಿದ್ದ. ಅದಕ್ಕೇ ಅವನೆಂದರೆ ಎಲ್ಲರಿಗೂ ಪ್ರಾಣ.

ಗಣಿ ಮುಚ್ಚಿತು. ಕೆಲವು ವರ್ಷ ಕಳೆದು, ತೊಂಬತ್ತರ ದಶಕದ ಒಂದು ವಸಂತದಲ್ಲಿ, ಅಮೆರಿಕದವರು ತಮ್ಮ ಫುಟ್‌ಬಾಲ್ ಹೊತ್ತುಕೊಂಡು ನಮ್ಮೂರಿಗೆ ಬಂದಿಳಿದರು. ಕಾಲಲ್ಲಿ ಆಡುವ ನಮ್ಮ ಆಟವಲ್ಲ, ಹೆಲ್ಮೆಟ್ಟು ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ತಂಡಕ್ಕೆ 'ಎಸ್ಸೆನ್ ಮ್ಯಾಸ್ಟಿಫ್ಸ್' ಅಂತ ನಾಯಿಯ ಹೆಸರಿಟ್ಟರು. ನಲವತ್ತು ಜನ ಅಮೆರಿಕದವರು, ಕೋಚೂ ಅವರೇ, ಡಾಕ್ಟರೂ ಅವರೇ. ಆದರೆ ಲೀಗಿನದೊಂದು ಕಟ್ಟಳೆ: ಚೆಂಡು ಒದ್ದು ಆಟ ಶುರುಮಾಡುವಾಗಲೆಲ್ಲ ಒಬ್ಬನಾದರೂ ಸ್ಥಳೀಯ ಆಟಗಾರ ಮೈದಾನದಲ್ಲಿರಬೇಕು. ಹಾಗೆ ಆರು ಜನ ನಮ್ಮ ಹುಡುಗರು ಸೇರಿದರು. ಅವರಿಗೆ ಪಟ್ಟಿ ಸುತ್ತಲು ಯೂಪ್ ಸೇರಿದ.

ಅಂಕ ಗಳಿಸಿದವರು ಪ್ರತಿಸಲ ಹೀಗೆ ಚೆಂಡು ಒದೆಯಬೇಕು. ಒದ್ದ ಚೆಂಡನ್ನು ಆ ಕಡೆಯವನು ಹಿಡಿದು ಓಡಿಬರುತ್ತಾನೆ. ಅವನ ಮುಂದೆ ಮೂವರು ದೈತ್ಯರು ಭುಜಕ್ಕೆ ಭುಜ ಕೊಟ್ಟು ಗೋಡೆಯಾಗಿ ಬರುತ್ತಾರೆ. ಈ ಕಡೆಯಿಂದ ಒಬ್ಬ ಐವತ್ತು ಗಜ ಓಡಿ, ವೇಗ ತಗ್ಗಿಸದೆ, ಆ ಗೋಡೆಗೆ ಮೈ ಒಗೆಯಬೇಕು. ಅಮೆರಿಕದವರು ಈ ಕೆಲಸ ಯಾರಿಗೆ ಕೊಟ್ಟರು ಅಂತೀರಿ? ನಮ್ಮವರಿಗೆ! ಮೂರೇ ವಾರದಲ್ಲಿ ಒಬ್ಬನ ಮೊಣಕಾಲು ಹಿಂದುಮುಂದಾಯಿತು, ಒಬ್ಬನ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತು, ಒಬ್ಬ ನಾಲಿಗೆಯ ತುದಿ ಕಚ್ಚಿ ಹುಲ್ಲಿನ ಮೇಲೆ ಉಗಿದು ಮನೆಗೆ ಹೋದವನು ಮತ್ತೆ ಬರಲಿಲ್ಲ. ಕೊನೆಗೆ ಗಟ್ಟಿಯಾಗಿ ಉಳಿದವನು ಉಡೋ ಮಟುಶೆಕ್ ಒಬ್ಬನೇ.

ಉಡೋ ಯೂಪನ ಸ್ವಂತ ಅಕ್ಕನ ಮಗ. ಕಸಾಯಿಖಾನೆಯಲ್ಲಿ ಅರ್ಧ ಹಂದಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಇಪ್ಪತ್ತಾರರ ಗಂಡಸು. ಗೋಡೆಗೆ ನುಗ್ಗುವಾಗ ಅವನು ಗೂಳಿಯ ಹಾಗೆ ಗುಟುರು ಹಾಕುತ್ತಿದ್ದ. ಮೊದಲ ಪಂದ್ಯದಲ್ಲೇ ಎದುರಿನವನ ಗದ್ದ ಎರಡು ತುಂಡು ಮಾಡಿದ. ಅಲ್ಲಿಂದಾಚೆ ಅಮೆರಿಕದವರೂ ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಋತು ಮುಗಿದ ಮೇಲೆ ಇಲ್ಲಿಯವನೊಬ್ಬನನ್ನು ಅಮೆರಿಕದ ದೊಡ್ಡ ತಂಡದ ಶಿಬಿರಕ್ಕೆ ಕರೆದೊಯ್ಯುತ್ತಾರಂತೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ಉಡೋನ ಕಣ್ಣಲ್ಲಿ ಬೇರೇನೂ ಉಳಿಯಲಿಲ್ಲ.

"ಮಾಮ, ನನ್ನನ್ನ ಒಂದ್ಸಲಾನೂ ಹೊರಗೆ ಕೂರಿಸ್ಬಾರ್ದು. ಕೂರಿಸಿದ್ರೆ ಮುಗೀತು. ಆಮೇಲೆ ಸಾಯೋವರೆಗೂ ಹಂದಿ ಹೊರ್ತಾ ಇರ್ಬೇಕು" ಅಂದ.

"ನಾನಿರೋವಾಗ ನಿನ್ನ ಯಾರು ಕೂರಿಸ್ತಾರೋ? ಮುಚ್ಕೊಂಡು ಓಡು" ಅಂದ ಯೂಪ್.

ತಂಡದ ಡಾಕ್ಟರು ಪ್ರೂಯಿಟ್ ಒಳ್ಳೆಯ ಮನುಷ್ಯನೇ, ಆದರೆ ಮರದ ಗೊಂಬೆ. ತಲೆಗೆ ಪೆಟ್ಟು ಬಿದ್ದವನಿಗೆ ಕೇಳುತ್ತಿದ್ದುದು ಸದಾ ಅದೇ ಮೂರು ಪ್ರಶ್ನೆ: ಎದುರಾಳಿ ಯಾರು, ಕೊನೆಯ ಅಂಕ ಯಾರದು, ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳು. ಮೂರಕ್ಕೂ ಉತ್ತರ ಬಂದರೆ ಬೆನ್ನು ತಟ್ಟಿ ಕಳಿಸುತ್ತಿದ್ದ. ಯೂಪ್ ಎರಡನೇ ವಾರಕ್ಕೇ ಇದನ್ನು ಕಂಡುಕೊಂಡ. ಹುಡುಗರ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿ, ಅಂಗೈ ಕಡೆಗೆ ಪೆನ್ನಿನಲ್ಲಿ ಎದುರಾಳಿಯ ಹೆಸರು ಬರೆದ. ಅಂಕ ಬಂದಾಗಲೆಲ್ಲ ನೀರು ಕುಡಿಸುವ ನೆಪದಲ್ಲಿ ಅದನ್ನೂ ಸೇರಿಸುತ್ತಿದ್ದ. ತಿಂಗಳುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ. ಅಮೆರಿಕದ ಆಟಗಾರರೂ ಕೋಚಿನ ಸಂಚುಗಳನ್ನು ಕೈಮೇಲೆ ಬರೆದುಕೊಳ್ಳುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಯೂಪನಿಗೆ ಇದು ಮೋಸ ಅಂತ ಕ್ಷಣಕ್ಕೂ ಅನ್ನಿಸಲಿಲ್ಲ, ತನ್ನವರನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದ. ಉಡೋ ಐದು ಸಲ ಆ ಪಟ್ಟಿ ನೋಡಿ ಮೈದಾನಕ್ಕೆ ಮರಳಿದ.

ಕೊನೆಯ ಪಂದ್ಯ ಬ್ರಸೆಲ್ಸ್‌ನವರ ಮೇಲೆ. ಆ ದೊಡ್ಡ ತಂಡಕ್ಕೆ ಆಳು ಆರಿಸಲು ಅಮೆರಿಕದಿಂದ ಬಂದವನೊಬ್ಬ ಕೈಯಲ್ಲಿ ಪುಸ್ತಕ ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದ. ಬ್ರಸೆಲ್ಸ್‌ನವರು ಉಡೋನನ್ನು ಮುಗಿಸಲೆಂದೇ ಗೋಡೆಗೆ ಮೂವರ ಬದಲು ನಾಲ್ವರನ್ನು ನಿಲ್ಲಿಸಿದ್ದರು. ಮೊದಲ ಒದೆತದಲ್ಲೇ ಅವನ ಮೂಗು ಒಡೆಯಿತು. ಯೂಪ್ ಹತ್ತಿ ತುರುಕಿ ಕಳಿಸಿದ. ಎರಡನೆಯದರಲ್ಲಿ ಒಬ್ಬರ ಮೇಲೊಬ್ಬರು ಬಿದ್ದ ರಾಶಿಯ ಕೆಳಗೆ ಯಾರೋ ಅವನ ಬೆರಳು ಹಿಂದಕ್ಕೆ ತಿರುವಿ ಲಟ್ಟನೆ ಮುರಿದರು. ಉಡೋ ಆ ಮುರಿದ ಕೈಯಲ್ಲೇ ಮುರಿದವನ ಗಂಟಲಿಗೆ ಗುದ್ದಿದ. ಜನ ಎದ್ದು ನಿಂತು, "ಉಡೋ! ಉಡೋ!" ಎಂದು ಕಿರುಚಿದರು. ಯೂಪನ ಎದೆ ಉಬ್ಬಿತು, ಯಾಕೆ ಸುಳ್ಳು ಹೇಳಲಿ.

ಮೂರನೆಯ ಸಲ ಎಡದಿಂದ ಬಂದವನೊಬ್ಬ ತಲೆ ತಗ್ಗಿಸಿ ಉಡೋನ ಕಿವಿಯ ಮೇಲಕ್ಕೇ ಗುಮ್ಮಿದ. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿದ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಉಡೋ ಬಿದ್ದ. ಕಾಲುಗಳು ಎರಡು ಸಲ ಅದುರಿದವು. ಆಮೇಲೆ ಮಂಡಿಯೂರಿ ಎದ್ದ, ವಾಂತಿ ಮಾಡಿಕೊಂಡ, ನಡೆದುಕೊಂಡೇ ಬೆಂಚಿಗೆ ಬಂದ. ಡಾಕ್ಟರು ಓಡಿಬಂದು ಮೂರು ಪ್ರಶ್ನೆ ಕೇಳಿದ. ಉಡೋ ಮಣಿಕಟ್ಟು ನೋಡಿಕೊಂಡು ಎರಡು ಹೇಳಿದ, ತಿಂಗಳುಗಳನ್ನು ತಡವರಿಸದೆ ಒಪ್ಪಿಸಿದ. ಡಾಕ್ಟರು ಬೆನ್ನು ತಟ್ಟಿ ಹತ್ತು ಹೆಜ್ಜೆ ಆಚೆ ಮತ್ತೊಬ್ಬನ ಹುಬ್ಬಿಗೆ ಹೊಲಿಗೆ ಹಾಕಲು ಹೋದ.

"ಮಾಮ," ಅಂದ ಉಡೋ ಮೆಲ್ಲಗೆ, "ನಾವು ಯಾವ ಕಡೆಯವ್ರು?"

ಯೂಪ್ ತಮಾಷೆಯೆಂದು ನಕ್ಕ. ಮುಖ ನೋಡಿದರೆ ಎಡಗಣ್ಣಿನ ಪಾಪೆ ಗುಂಡಿಯಷ್ಟು ಅಗಲವಾಗಿತ್ತು, ಬಲಗಣ್ಣಿನದು ಸಾಸಿವೆಯಷ್ಟಿತ್ತು. ಅಂಥ ಕಣ್ಣನ್ನು ಗಣಿಯಲ್ಲಿ ನಾಲ್ಕು ಸಲ ನೋಡಿದ್ದ. ನಾಲ್ವರಲ್ಲಿ ಒಬ್ಬನೂ ಉಳಿದಿರಲಿಲ್ಲ.

ಅಷ್ಟರಲ್ಲಿ ನಮ್ಮವರು ಅಂಕ ಗಳಿಸಿದ್ದರು. ಮತ್ತೆ ಒದೆತ. "ಲೋಕಲ್! ಎಲ್ಲಿ ಸತ್ತ ನನ್ನ ಲೋಕಲ್?" ಎಂದು ಕೋಚ್ ಟಾಲಿವರ್ ಅರಚಿದ. ಮೊದಲ ಸಾಲಿನವನು ಪುಸ್ತಕ ತೆರೆದ. ಡಾಕ್ಟರನ್ನು ಕೂಗಿದ್ದರೆ ಸಾಕಿತ್ತು. ಆದರೆ ಕೂಗಿದರೆ ಪಟ್ಟಿ ಬಿಚ್ಚಿ ತೋರಿಸಬೇಕು, ಉಡೋ ಹೊರಗೆ ಕೂರಬೇಕು, ಹಂದಿ ಹೊರಬೇಕು. ಇಪ್ಪತ್ತಾರು ವರ್ಷ ಹೊಲಿದ ತುಟಿ ಬಿಚ್ಚಿಕೊಳ್ಳಲೇ ಇಲ್ಲ. ಒಂದೇ ಒಂದು ಒದೆತ, ಆಮೇಲೆ ಹೇಳ್ತೀನಿ ಅಂದುಕೊಂಡ. ಅಕ್ಕನ ಮಗನ ಭುಜ ಹಿಡಿದು ಮೈದಾನದ ಕಡೆ ತಿರುಗಿಸಿದ.

"ಕೆಂಪು ಬಟ್ಟೆ ನಮ್ಮೋರು. ನೀಲಿಯವ್ರಿಗೆ ಹೊಡಿ."

ನಿನ್ನ ಬಾಯಿಗೆ ಮಣ್ಣು ಹಾಕ, ಯೂಪ್!

ಉಡೋ ಓಡಿದ. ನೆಟ್ಟಗೇ ಓಡಿದ, ಗುಟುರು ಮಾತ್ರ ಇರಲಿಲ್ಲ. ನಾಲ್ವರು ನೀಲಿಯವರು ಒಟ್ಟಿಗೆ ಬಂದು ಅವನನ್ನು ನೆಲದಿಂದೆತ್ತಿ ಒಗೆದರು. ತಲೆ ಮೊದಲು ನೆಲಕ್ಕೆ ಬಡಿಯಿತು. ಹೆಲ್ಮೆಟ್ಟು ಕಿತ್ತು ಉರುಳಿಹೋಯಿತು. ಕಿವಿಯಿಂದ ರಕ್ತ ಹರಿಯಿತು. ಈ ಸಲ ಕಾಲು ಅದುರಲಿಲ್ಲ.

ಮರುದಿನವೂ ಉಡೋಗೆ ಎಚ್ಚರವಾಗಿರಲಿಲ್ಲ. ಅವನ ತಾಯಿ ಹ್ಯಾನಲೋರೆ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದಳು. ಡಾಕ್ಟರು ಪ್ರೂಯಿಟ್ ಅವಳ ಕೈ ಹಿಡಿದು ತೊದಲು ಜರ್ಮನ್ನಿನಲ್ಲಿ, "ಯಾರ ತಪ್ಪೂ ಅಲ್ಲಮ್ಮ. ನಾನೇ ಪರೀಕ್ಷೆ ಮಾಡ್ದೆ. ಎಲ್ಲಾದಕ್ಕೂ ಸರಿಯಾಗಿ ಉತ್ತರ ಕೊಟ್ಟ" ಅಂದು ಕಣ್ಣೊರೆಸಿಕೊಂಡು ಹೋದ. ಅವಳು ತಮ್ಮನ ಎದೆಗೊರಗಿದಳು.

"ನೀನು ಪಕ್ಕದಲ್ಲಿದ್ಯಲ್ಲ ಯೂಪ್, ಅಷ್ಟೇ ನನ್ನ ಸಮಾಧಾನ."

ಯೂಪ್ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪಟ್ಟಿ ಬಿಚ್ಚಿ ಒಲೆಗೆ ಹಾಕಿದ್ದೂ ಆಗಿತ್ತು, ಕೇಳುವವರೂ ಇರಲಿಲ್ಲ. ಆದರೆ ಆ ಮಾತನ್ನು ಅವನಿಂದ ನುಂಗಲಾಗಲಿಲ್ಲ.

"ಅಕ್ಕ, ಅವನಿಗೆ ಏನೂ ಗೊತ್ತಾಗ್ತಿರ್ಲಿಲ್ಲ. ಉತ್ತರ ಎಲ್ಲಾ ನಾನೇ ಕೈಮೇಲೆ ಬರ್ಕೊಟ್ಟಿದ್ದು. ಯಾವ ಕಡೆಯವ್ರು ನಾವು ಅಂತ ನನ್ನ ಕೇಳ್ದ. ನಾನು ತೋರಿಸ್ಕೊಟ್ಟು ಕಳಿಸ್ದೆ."

ಅವಳು ಅವನ ಎದೆಯಿಂದ ತಲೆಯೆತ್ತಿದಳು. ಆಮೇಲೆ ಹೊಡೆದಳು. ಕೆನ್ನೆಗೆ, ಮೂಗಿಗೆ, ಮತ್ತೆ ಮೂಗಿಗೆ. ತುಟಿ ಒಡೆದು ಅಂಗಿಗೆ ರಕ್ತ ಸುರಿಯಿತು. ನರ್ಸುಗಳು ಬಂದು ಹಿಡಿದರೂ ಕೊಸರಿಕೊಂಡು ಕಾಲಲ್ಲಿ ಒದ್ದಳು. "ಬಿಡ್ರೇ, ಹೊಡೀಲಿ" ಅಂದ ಯೂಪ್, ಕೈ ಕೆಳಗೆ ಬಿಟ್ಟುಕೊಂಡು ನಿಂತೇ ಇದ್ದ.

ಮೂರನೆಯ ದಿನ ಉಡೋ ತೀರಿಕೊಂಡ. ಹೂಳುವ ದಿನ ಶವಪೆಟ್ಟಿಗೆ ಎತ್ತಲು ಗಣಿಯ ಹಳೆಯ ಗೆಳೆಯರು ಐವರು ನಿಂತಿದ್ದರು. ಆರನೆಯ ಹಿಡಿಕೆ ಯೂಪನಿಗೆ ಅಂತಲೇ ಬಿಟ್ಟಿದ್ದರು. ಅವನು ಬಾತ ಮುಖ ತಗ್ಗಿಸಿಕೊಂಡು ಬಂದು ಕೈ ಚಾಚಿದ. ಹ್ಯಾನಲೋರೆ ಅಡ್ಡ ಬಂದಳು. ಈ ಸಲ ಅವಳ ದನಿ ಏರಲಿಲ್ಲ.

"ಬೇಡ ಕಣೋ. ಒಂದ್ಸಲ ಕಳಿಸ್ಕೊಟ್ಟಿದ್ದೀಯಲ್ಲ, ಸಾಕು."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಆ ಹಿಡಿಕೆಯನ್ನು ಅವಳೇ ಹಿಡಿದು ಎತ್ತಿದಳು.