ಕೈಗೆ ಕೊಡದ ಕೊಡಲಿ

ಇವತ್ತು ಬೆಳಿಗ್ಗೆ ಸ್ಟುಡಿಯೋದ ಶಟರ್ ಎತ್ತಿ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದೆ. ನಮ್ಮ ಪಿ.ಟಿ. ಮೇಷ್ಟ್ರ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಹಳೇ ಟವೆಲ್ಲು ಸುತ್ತಿದ ಒಂದು ಗಂಟು. ಫೋಟೋಗೆ ಕಟ್ಟು ಹಾಕಿಸಲು ತಂದಿದ್ದಾರೆ ಅಂದುಕೊಂಡು ಎರಡೂ ಕೈ ಚಾಚಿದೆ. ಅವರು ಕೊಡಲಿಲ್ಲ. ಬಗ್ಗಿ ನನ್ನ ಕಾಲ ಮುಂದೆ ನೆಲದ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಊದುಬತ್ತಿಯ ಹೊಗೆಯನ್ನೂ ಮೀರಿ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಿಚ್ಚದೆಯೇ ಒಳಗಿರುವುದು ಏನೆಂದು ಗೊತ್ತಾಯಿತು...

ಮೇಷ್ಟ್ರು ತೀರಿಕೊಂಡು ಮೂರು ತಿಂಗಳಾಗಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಹಾಗೆ ಹೊರಟರೆ ಅವರ ವಿಷಯ ಎರಡು ಸಾಲಿಗೇ ಮುಗಿದುಹೋಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬ ಗಾದೆಯಿದೆ. ಮೇಷ್ಟ್ರು ಎದ್ದು ಬರುವ ಹಾಗಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮ ಹೈಸ್ಕೂಲಿನಲ್ಲಿ ಆಟದ ಪಿರಿಯಡ್ ಎಂದರೆ ಮೇಷ್ಟ್ರು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕಡಲೆಕಾಯಿ ಸುಲಿಯುವುದು, ನಾವು ಬಿಸಿಲಲ್ಲಿ ಮೈದಾನ ಸುತ್ತುವುದು. ಕೊರಳಲ್ಲಿ ವಿಶಲ್ ನೇತಾಡುತ್ತಿತ್ತು, ಅದಕ್ಕಿಂತ ಒಂದು ಗೇಣು ಮುಂದೆ ಹೊಟ್ಟೆ. ಇಂಥವರು ನನ್ನ ಮೈಯನ್ನು ಆಡಿಕೊಳ್ಳುತ್ತಿದ್ದರು. ನಾನು ದಪ್ಪಗಿದ್ದೆ, ಎರಡನೇ ಸುತ್ತಿಗೇ ಏದುಸಿರು. "ಲೇ ಸೋರೆಕಾಯಿ, ಉರುಳ್ಕೊಂಡಾದ್ರೂ ಬಾರೋ!" ಅಂತ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದರು ಒಂದು ದಿನ. ಅಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನಗೆ ಬೇರೆ ಹೆಸರಿರಲಿಲ್ಲ. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತಿಗೂ ಇಲ್ಲ.

ನಾಲ್ಕೈದು ವರ್ಷದ ಹಿಂದೆ, ಶಾಲೆಯಲ್ಲಿ ಹಾಕುತ್ತಿದ್ದ ಅದೇ ನೀಲಿ ಟ್ರ್ಯಾಕ್ ಪ್ಯಾಂಟಿನಲ್ಲಿ ಮೇಷ್ಟ್ರು ದೇವನಹಳ್ಳಿಯ ನನ್ನ ಸ್ಟುಡಿಯೋ ಹುಡುಕಿಕೊಂಡು ಬಂದರು. ಖಾಸಗಿ ಶಾಲೆ, ಪೆನ್ಷನ್ನಿಲ್ಲ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸಿಬಿಟ್ಟಿದ್ದರು. ನಂದಿ ರಸ್ತೆ ಕಡೆ ಹೊಸದಾಗಿ ಎದ್ದಿದ್ದ ಒಂದು ರೆಸಾರ್ಟಿನಲ್ಲಿ ತರಬೇತಿ ಕೊಡುವವರು ಬೇಕಂತೆ. ಟೊಮಾಹಾಕ್ ಕಾದಾಟ ಕಲಿಸಬೇಕು. ಟೊಮಾಹಾಕ್ ಎಂದರೆ ಅಮೆರಿಕದ ಮೂಲನಿವಾಸಿಗಳ ಗಿಡ್ಡ ಕೈಗೊಡಲಿ. ಬೆಂಗಳೂರಿನ ಕಂಪನಿಯವರು ಬಸ್ಸು ಮಾಡಿಕೊಂಡು ಬಂದು, ಕಂಪನಿ ಕೊಟ್ಟ ಟೀ ಶರ್ಟು, ಹೆಲ್ಮೆಟ್ ಹಾಕಿಕೊಂಡು, ರಬ್ಬರಿನ ಕೊಡಲಿಯಲ್ಲಿ ಒಬ್ಬರಿಗೊಬ್ಬರು ಬಾರಿಸಿಕೊಂಡು, ಬಿರಿಯಾನಿ ತಿಂದು ಹೋಗುತ್ತಾರೆ. ನಮ್ಮಜ್ಜ ಜೀವಮಾನವೆಲ್ಲ ಕೊಡಲಿ ಬೀಸಿದ, ಅವನಿಗೆ ಯಾರೂ ಒಂದು ಟೀ ಶರ್ಟ್ ಕೂಡ ಕೊಡಲಿಲ್ಲ.

ಕಾದಾಟ ಕಲಿಸುವ ಒಂದು ವಿಡಿಯೋ ಮಾಡಿ ಕಳಿಸಿ, ನೋಡಿ ತೀರ್ಮಾನ ಮಾಡುತ್ತೇವೆ ಎಂದಿದ್ದನಂತೆ ರೆಸಾರ್ಟಿನ ಮ್ಯಾನೇಜರು. "ವಿಡಿಯೋ ಚೆನ್ನಾಗ್ ಬಂದ್ರೆ ಕೆಲಸ ಸಿಕ್ಕಂಗೇ ಕಣೋ. ಮತ್ತೆ ವಿಶಲ್ ಹಾಕ್ಕೋಬಹುದು" ಅಂದರು ಮೇಷ್ಟ್ರು. ಆ ವಯಸ್ಸಿನಲ್ಲಿ ಮನುಷ್ಯನಿಗೆ ವಿಶಲ್ಲಿನ ಆಸೆ! ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಅಂದುಕೊಂಡೆ. ವಿಜಯಪುರದ ಆಚಾರಿಗೆ ಫೋನಿನಲ್ಲಿ ಚಿತ್ರ ತೋರಿಸಿ ಒಂದು ಟೊಮಾಹಾಕ್ ಮಾಡಿಸಿಯೂ ಬಿಟ್ಟಿದ್ದರು. ಹುಣಸೆ ಮರದ ಕಾವು, ಅದಕ್ಕೆ ದಿನಾ ಹರಳೆಣ್ಣೆ ತಿಕ್ಕುತ್ತಿದ್ದರಂತೆ. ಆದರೆ ಆ ಹೆಸರು ಮಾತ್ರ ಅವರ ಬಾಯಲ್ಲಿ ಮೊದಲ ದಿನದಿಂದಲೂ "ಟೊಮೆಟೊ ಹಾಕು". ತಿದ್ದಬಹುದಿತ್ತು. ತಿದ್ದಲಿಲ್ಲ.

ವಿಡಿಯೋದ ಯೋಜನೆಯನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು ತಂದರು. ನೋಡಿ ನಗು ತಡೆಯಲಾಗಲಿಲ್ಲ. ಶಾಲೆಯಲ್ಲಿ ಇನ್‌ಸ್ಪೆಕ್ಟರಿಗೆ ತೋರಿಸಲು ಮೇಷ್ಟ್ರುಗಳು ಬರೆಯುತ್ತಾರಲ್ಲ, ಪಾಠ ಟಿಪ್ಪಣಿ, ಥೇಟ್ ಅದೇ! ಉದ್ದೇಶ, ಬೋಧನೋಪಕರಣ, ಪೀಠಿಕೆ, ಮೌಲ್ಯಮಾಪನ. ಬೋಧನೋಪಕರಣದ ಕೆಳಗೆ ಕೊಡಲಿ ಒಂದು, ವಿಶಲ್ ಒಂದು, ಗ್ಲೂಕೋಸ್ ನೀರು. ಕೊನೆಯಲ್ಲಿ ಮನೆಗೆಲಸ ಬೇರೆ. ಹೀಗೆ ಹತ್ತು ಪಾಠ, ಕೆಂಪು ಇಂಕಿನಲ್ಲಿ ಗೆರೆ ಎಳೆದು. ಮೊದಲನೇ ಪಾಠದ ಹೆಸರು: ಕೊಡಲಿಯನ್ನು ಇನ್ನೊಬ್ಬರಿಗೆ ಕೊಡುವ ಕ್ರಮ.

"ಸಾರ್, ಇದು ಫೈಟಿಂಗ್ ವಿಡಿಯೋ. ಮೊದಲ ಐದು ಸೆಕೆಂಡಲ್ಲಿ ಏನಾದ್ರೂ ಸೀಳ್ಬೇಕು. ಇಲ್ದಿದ್ರೆ ಯಾರೂ ನೋಡಲ್ಲ" ಅಂದೆ.

"ಕಬ್ಬಿಣಾನ ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ ಕಣೋ. ನೆಲಕ್ಕಿಡ್ಬೇಕು, ಅವನು ಎತ್ಕೋಬೇಕು. ಗರಡಿ ಮನೇಲಿ ನಮ್ಮ ಉಸ್ತಾದ್ರು ಮೊದಲು ಕಲಿಸಿದ್ದೇ ಇದು."

ಹೊಸ ವಿಷಯವೇನಲ್ಲ. ನಮ್ಮಮ್ಮನೂ ಕುಡುಗೋಲನ್ನಾಗಲಿ ಮೆಣಸಿನಕಾಯಿಯನ್ನಾಗಲಿ ಯಾರ ಕೈಗೂ ಕೊಡುತ್ತಿರಲಿಲ್ಲ, ಕೆಳಗಿಟ್ಟು "ತಗೋ" ಅನ್ನುತ್ತಿದ್ದಳು. ಆದರೆ ಹೊಡೆದಾಟ ಕಲಿಸುವ ವಿಡಿಯೋ, ಜಗಳ ಆಗಬಾರದು ಎಂದು ಶುರುವಾಗಬೇಕಂತೆ! ಇಷ್ಟು ದಡ್ಡತನವನ್ನು ನಾನು ವಿಡಿಯೋ ತೆಗೆಯುವ ಮದುವೆ ಮನೆಗಳಲ್ಲೂ ಕಂಡಿರಲಿಲ್ಲ. ವಾದ ಮಾಡದೆ ಆಗಲಿ ಸಾರ್ ಅಂದೆ. ಒಳಗೊಳಗೇ ಇನ್ನೊಂದು ಲೆಕ್ಕ ಶುರುವಾಗಿತ್ತು.

ಒಂದು ಭಾನುವಾರ ನಲ್ಲೂರಿನ ಹುಣಸೆ ತೋಪಿಗೆ ಹೋದೆವು, ನಾನು, ಮೇಷ್ಟ್ರು, ಕ್ಯಾಮೆರಾ. ಒಂದು ದಪ್ಪ ಬೊಡ್ಡೆ ತೋರಿಸಿ, ಇದಕ್ಕೆ ಎಸೆಯಿರಿ, ಕಚ್ಚಿಕೊಂಡಿರುವ ಕೊಡಲಿಯ ಫೋಟೋ ತೆಗೆಯೋಣ ಅಂದೆ. "ಇಷ್ಟು ಹಳೇ ಮರಕ್ಕೆ ಕೊಡಲಿ ಎತ್ತಕ್ಕೆ ಕೈ ಬರುತ್ತೇನೋ ನಿಂಗೆ?" ಎಂದು ನನ್ನನ್ನೇ ಬೈದರು. ಸರಿ, ಮೊದಲನೇ ಪಾಠವೇ ಆಗಲಿ ಅಂತ ಕ್ಯಾಮೆರಾ ಹಚ್ಚಿದೆ. ಸುಣ್ಣ ಹೊಡೆದಂಥ ಬಿಳೀ ಬೂಟು, ಇಸ್ತ್ರಿ ಮಾಡಿದ ಬನಿಯನ್ನು, ಕೊರಳಿಗೆ ವಿಶಲ್. "ನಮಸ್ಕಾರ. ಇವತ್ತು ಟೊಮೆಟೊ ಹಾಕು ಕಾದಾಟದ ಮೊದಲನೇ ಪಾಠ." ಬಗ್ಗಿ ಕೊಡಲಿಯನ್ನು ನೆಲದ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದರು. ಎತ್ತಿಕೊಳ್ಳಲು ಶಿಷ್ಯ ಬೇಕಲ್ಲ. "ಬಾರೋ, ನೀನೇ ಎತ್ಕೋ" ಎಂದು ನನ್ನನ್ನು ಕರೆದರು.

"ಕ್ಯಾಮೆರಾ ನೋಡ್ಬೇಕು ಸಾರ್" ಅಂದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು. ನೋಡುವುದೇನೂ ಇರಲಿಲ್ಲ.

ಆಮೇಲೆ ಮೇಷ್ಟ್ರೇ ಆ ಕಡೆಯಿಂದ ಸುತ್ತಿ ಬಂದು, ಶಿಷ್ಯನ ಹಾಗೆ ಕೈ ಮುಗಿದು, ತಾವಿಟ್ಟ ಕೊಡಲಿಯನ್ನು ತಾವೇ ಎತ್ತಿಕೊಂಡರು. ಏಳುವಾಗ ಮಂಡಿ ಹಿಡಿದುಕೊಂಡು, ಮರಕ್ಕೆ ಕೈಯೂರಿ, ಪ್ಯಾಂಟು ಮೇಲೆಳೆದುಕೊಂಡರು. ಅದನ್ನೂ ತೆಗೆದೆ.

ಮಾರನೆಯ ದಿನ ಅದರಿಂದ ನಲವತ್ತು ಸೆಕೆಂಡು ಕತ್ತರಿಸಿ, ಹಿಂದೆ ಮದುವೆ ಬ್ಯಾಂಡಿನ ಸಂಗೀತ ಹಾಕಿ, "ಟೊಮೆಟೊ ಮೇಷ್ಟ್ರ ಕಾದಾಟ" ಎಂದು ಹೆಸರಿಟ್ಟು ಇಂಟರ್ನೆಟ್ಟಿಗೆ ಬಿಟ್ಟೆ. ಸ್ಟುಡಿಯೋದ ಪೇಜಿನಲ್ಲಲ್ಲ, ಹೆಸರಿಲ್ಲದ ಬೇರೊಂದು ಪೇಜಿನಲ್ಲಿ. ಅಷ್ಟು ಶೂರ ನಾನು. ಸಂಜೆಯ ಹೊತ್ತಿಗೆ ಹೊಸಕೋಟೆ, ದೊಡ್ಡಬಳ್ಳಾಪುರದ ತನಕ ನಗುತ್ತಿದ್ದರು. "ಗುರು, ಸಾಂಬಾರಿಗೆ ಎಷ್ಟು ಟೊಮೆಟೊ ಹಾಕು?" ಅಂತ ಕಾಮೆಂಟು. ನಮ್ಮ ಬ್ಯಾಚಿನ ಗ್ರೂಪಿಗೂ ಬಂತು. ಸೋರೆಕಾಯಿ ಎಂದು ಹೆಸರಿಟ್ಟವರಿಗೆ ಟೊಮೆಟೊ ಎಂಬ ಹೆಸರಿಟ್ಟಾಗಿತ್ತು. ನಾನೂ ನಗುವ ಚಿತ್ರ ಒತ್ತಿದೆ.

ಎರಡು ದಿನಕ್ಕೆ ರೆಸಾರ್ಟಿನ ಮ್ಯಾನೇಜರು ಫೋನ್ ಮಾಡಿದ. ಮೇಷ್ಟ್ರು ಅವನಿಗೆ ಕೊಟ್ಟಿದ್ದದ್ದು ನನ್ನ ನಂಬರು. "ಆ ಟೊಮೆಟೊ ಅಂಕಲ್ ಬೇಡ ಬಿಡಿ. ನಮ್ ಗೆಸ್ಟ್‌ಗಳೆಲ್ಲ ನೋಡ್ಬಿಟ್ಟಿದ್ದಾರೆ" ಅಂದ. ಆ ಗಳಿಗೆಯಲ್ಲಿ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಮೇಷ್ಟ್ರು ವಾರಕ್ಕೊಂದು ಸಲ ಬರುತ್ತಿದ್ದರು, ಎರಡನೇ ಪಾಠವನ್ನು ತಿದ್ದಿಕೊಂಡು. "ಫೋನ್ ಬಂತೇನೋ?" ಅನ್ನುವರು. ಇಲ್ಲ ಸಾರ್ ಅನ್ನುವೆ. "ಎರಡನೇದು ಯಾವಾಗ ತೆಗೆಯೋಣ?" ಮದುವೆ ಸೀಸನ್ ಸಾರ್, ಮುಗೀಲಿ. ಹೀಗೇ ಕೆಲವು ವಾರ... ಆಮೇಲೆ ಒಂದು ದಿನ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದವರು ಮತ್ತೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ.

ಮುಂದಿನ ವರ್ಷ ಒಂದು ಕಲ್ಯಾಣ ಮಂಟಪಕ್ಕೆ ವಿಡಿಯೋ ತೆಗೆಯಲು ಹೋದೆ. ಗೇಟಿನಲ್ಲಿ ಸೆಕ್ಯುರಿಟಿಯವರು ವಿಶಲ್ ಊದುತ್ತಾ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮೇಷ್ಟ್ರು! ಟೋಪಿ ಕಿವಿಯ ತನಕ ಇಳಿದಿತ್ತು, ಹೊಟ್ಟೆ ಕರಗಿಹೋಗಿತ್ತು. ಅಂತೂ ವಿಶಲ್ ಹಾಕಿಕೊಂಡಿದ್ದರು. ನನ್ನ ಕಾರಿನ ಕಿಟಕಿಯ ಹತ್ತಿರ ಬಂದರು. ಸೋರೆಕಾಯಿ ಅನ್ನಲಿ, ಅನ್ನಲಿ ಎಂದು ಕಾದೆ. "ಇನ್ನೊಂಚೂರು ಹಿಂದಕ್ಕೆ ಬನ್ನಿ ಸಾರ್" ಅಂದರು. ನನ್ನ ಜನ್ಮದಲ್ಲಿ ಯಾರೂ ನನಗೆ ಅಷ್ಟು ಜೋರಾಗಿ ಹೊಡೆದಿಲ್ಲ.

ಅವರು ಸತ್ತ ಸುದ್ದಿ ಬ್ಯಾಚಿನ ಗ್ರೂಪಿನಲ್ಲಿ ಬಂತು. ಮಣ್ಣಿಗೆ ಹೋಗಲಿಲ್ಲ. ಕೆಲಸವಿತ್ತು ಅಂತ ಎಲ್ಲರಿಗೂ ಹೇಳಿದೆ.

ಇವತ್ತು ಅವರ ಹೆಂಡತಿಯನ್ನು ಕೂರಿ ಅಮ್ಮ ಅಂದರೆ ಕೂರಲಿಲ್ಲ. "ಇದನ್ನ ನಿನಗೇ ಕೊಡ್ಬೇಕು ಅಂದಿದ್ರಪ್ಪಾ. ಆದ್ರೆ ಕೈಗೆ ಕೊಡ್ಬೇಡ, ಅವನಿಗೂ ನಮಗೂ ಜಗಳ ಬೇಡ ಅಂದ್ರು."

"ಅಮ್ಮ, ಆ ವಿಡಿಯೋ..." ಅಂದೆ.

"ನೋಡಿದ್ರು. ಯಾರು ಹಾಕಿದ್ದು ಅಂತ್ಲೂ ಗೊತ್ತಿತ್ತು. ತೋಪಲ್ಲಿದ್ದಿದ್ದು ನೀವಿಬ್ರೇ ಅಲ್ವಾ?"

ಇಷ್ಟು ಸಣ್ಣ ವಿಷಯ ಈ ಮಹಾಬುದ್ಧಿವಂತನಿಗೆ ಹೊಳೆದಿರಲಿಲ್ಲ. ಹೆಸರಿಲ್ಲದ ಪೇಜಂತೆ! ಅಂದರೆ ಆ ವಾರಗಳಲ್ಲೆಲ್ಲ, ಫೋನ್ ಬಂತೇನೋ ಎಂದು ಕೇಳುವಾಗ, ಮೇಷ್ಟ್ರು ನನಗೆ ನಿಜ ಹೇಳಲು ಒಂದೊಂದೇ ಅವಕಾಶ ಕೊಡುತ್ತಿದ್ದರು. ದಡ್ಡರು ಅವರಾಗಿರಲಿಲ್ಲ.

ಅಮ್ಮ ಕಾಫಿ ಬೇಡವೆಂದು ಹೊರಟುಹೋದರು. ನೋಟ್‌ಬುಕ್ಕು ನನ್ನ ಡ್ರಾಯರಿನಲ್ಲೇ ಇದೆ, ಒಂಬತ್ತು ಪಾಠ ಬಾಕಿ. ತೆಗೆಯೋಣ ಬನ್ನಿ ಸಾರ್ ಎನ್ನಲು ಮೇಷ್ಟ್ರಿಲ್ಲ. ತಪ್ಪಾಯಿತು ಎನ್ನಲೂ ಇಲ್ಲ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಗಂಟನ್ನು ಬಳಸಿಕೊಂಡು ಒಳಗೆ ಬರುತ್ತಿದ್ದಾರೆ, ಏನದು ಎಂದು ಕೇಳುತ್ತಿದ್ದಾರೆ. ಇಡುವವರು ಇಟ್ಟು ಹೋಗಿದ್ದಾಗಿದೆ, ಇನ್ನು ಬಗ್ಗಿ ಎತ್ತಿಕೊಳ್ಳಬೇಕಾದವನು ನಾನು. ಕ್ಯಾಮೆರಾ ನೋಡಬೇಕು ಎನ್ನುವ ನೆಪವೂ ಇವತ್ತು ಇಲ್ಲ. ಮಧ್ಯಾಹ್ನವಾಯಿತು, ಅದು ಇನ್ನೂ ನೆಲದ ಮೇಲೇ ಇದೆ.