ತುಳಿಯುವ ಸೈಕಲ್ಲು

ಬೆಟಗೇರಿಯ ನೇಕಾರರ ಓಣಿಗೆ ಪಾರ್ಕ್ ಬಂದಾಗ ಅಲ್ಲಿ ವ್ಯಾಯಾಮದ ಯಂತ್ರ ಕೂರಿಸುವ ಕೆಲಸ ನನ್ನದಾಗಿತ್ತು. ನಕ್ಷೆಯಲ್ಲಿ ಆ ಓಣಿಯ ಪಾಲಿಗೆ ಬಂದದ್ದು ನಿಂತಲ್ಲೇ ತುಳಿಯುವ ಸೈಕಲ್ಲು. ಗುಂಡಿ ತೋಡಿ ಮುಗಿಸುವಷ್ಟರಲ್ಲಿ ಎದುರುಮನೆಯ ಶಂಕ್ರವ್ವ ಬಂದರು.

“ಇದನ್ನ ತುಳದ್ರ ಏನ್ ಬರತೈತಿ ತಮ್ಮಾ?”

“ಆರೋಗ್ಯ ಬರತೈತ್ರಿ ಯವ್ವಾ.”

“ದಿನಾ ಮಗ್ಗ ತುಳಿಯಾಕಿ ನಾನು. ಅಲ್ಲಿ ತುಳದ್ರ ಸೀರಿ ಬರತೈತಿ. ಇಲ್ಲಿ ಸುಮ್ಮ ಯಾಕ ತುಳೀಲಿ? ಲಾಳಿ ಹಗ್ಗ ಜಗ್ಗಿ ಜಗ್ಗಿ ಭುಜ ಹಿಡಕೊಂಡೈತಿ. ಅದಕ್ಕೇನರ ಇದ್ರ ಹಾಕು.”

ಭುಜಕ್ಕೆಂದೇ ಮಾಡಿದ ಚಕ್ರವೊಂದು ಗಾಡಿಯಲ್ಲಿತ್ತು, ಆದರೆ ಅದು ಆಫೀಸರ್ಸ್ ಕಾಲೊನಿಯ ಪಾಲಿನದು. ನಕ್ಷೆ ಬದಲಿಸುವಂತಿಲ್ಲ ಎಂದೆ. ಶಂಕ್ರವ್ವ ನನ್ನ ಗುಂಡಿಯ ಅಂಚಿಗೆ ಕೂತು, ಮಗ್ಗದ ಕುಣಿಯೊಳಗೆ ಬಿಟ್ಟ ಹಾಗೆ ಎರಡೂ ಕಾಲು ಇಳಿಬಿಟ್ಟರು.

“ಆತು, ನೀ ನಕ್ಷಾ ನೋಡ್ಕೋತ ಕುಂಡ್ರು. ನಾನೂ ಇಲ್ಲೇ ಕುಂತಿರ್ತೀನಿ.”

ಒಂದು ತಾಸಿನ ಬಳಿಕ ಸೋತು ಚಕ್ರವನ್ನೇ ಇಳಿಸಿದೆ.

ನಾಲ್ಕು ತಿಂಗಳಾದ ಮೇಲೆ ಎಣ್ಣೆ ಹಾಕಲು ಹೋದರೆ ಚಕ್ರದ ಮುಂದೆ ಹೆಂಗಸರ ಸಾಲು, ಹಿಡಿಕೆಯ ಬಣ್ಣ ಪೂರ್ತಿ ಸವೆದಿತ್ತು. ಶಂಕ್ರವ್ವ ಬಲಗೈಯನ್ನು ತಲೆಯ ಮೇಲಕ್ಕೆತ್ತಿ ತೋರಿಸಿ, “ಆ ಸೈಕಲ್ ಏನಾತು?” ಎಂದರು.

“ಕಾಲೊನ್ಯಾಗ ಐತ್ರಿ ಯವ್ವಾ. ಅದರ ಮ್ಯಾಲೂ ಈಗ ದಿನಾ ಸೀರಿ ಬರತಾವ,” ಎಂದೆ. “ಒಣಗಾಕ.”