ಅಂಗೈಗೆ ಬರೆದ ಸುಳ್ಳು

ಒಣಗಿದ ತೆಂಗಿನಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ತಿಳಿಯಲು ನಮ್ಮ ಕಡೆ ಎಲ್ಲರೂ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಸರ್ವಮಂಗಳಕ್ಕ ಎದೆಯ ಮೂಳೆಗೆ ಒತ್ತಿ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ತಾಕಿದ್ದು ಅವರಿಗೆ ಮೂಳೆಯಲ್ಲಿ ಗೊತ್ತಾಗುತ್ತಿತ್ತು. ಕಿವಿ ಇದ್ದ ನಾವು ಆಗಾಗ ತಪ್ಪುತ್ತಿದ್ದೆವು. ಅವರು ತಪ್ಪಿದ್ದನ್ನು ನಾನು ಕಾಣೆ.

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ನೊಣವಿನಕೆರೆಯಲ್ಲಿ ಕೊಬ್ಬರಿ ಶೆಡ್ಡಿನ ಕೆಲಸಕ್ಕೆ ಹೋಗುತ್ತಿದ್ದೆನಲ್ಲ, ಅವರ ಪರಿಚಯವಾದದ್ದು ಅಲ್ಲಿ. ಹನ್ನೊಂದನೇ ವಯಸ್ಸಿಗೇ ಅವರ ಕಿವಿ ಹೋಗಿತ್ತು. ಆಮೇಲೆ ಕಣ್ಣೂ ಸುತ್ತಲಿಂದ ಕಿರಿದಾಗುತ್ತ ಬಂದು ಮೂವತ್ತರ ಹೊತ್ತಿಗೆ ಪೂರ್ತಿ ಕತ್ತಲಾಯಿತು. ಮಾತು ಉಳಿದಿತ್ತು. ಕಣ್ಣಿದ್ದಾಗಲೇ ಅಕ್ಷರ ಕಲಿತಿದ್ದರಿಂದ ಅಂಗೈ ಮೇಲೆ ಬೆರಳಿನಿಂದ ಬರೆದರೆ ಓದಿಕೊಳ್ಳುತ್ತಿದ್ದರು. ಏಳನೇ ಕ್ಲಾಸು ಓದಿದ ನನ್ನ ಬೆರಳು ಅವರಿಗೆ ಹಿಡಿಸಿತು. "ನಿನ್ನ ಅಕ್ಷರ ದುಂಡಗವೆ ಕಣೇ ರತ್ನಿ. ಬೇರೇರು ಕೋಳಿ ಕೆದರ್‍ದಂಗೆ ಕೆದರ್ತಾರೆ" ಎಂದರು.

ಶೆಡ್ಡಿಗೆ ರಜೆ ಇದ್ದ ದಿನ ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು. ಯಾವ ಊರಲ್ಲಾದರೂ ತಮ್ಮಂಥವರು ಇದ್ದಾರೆಂದು ತಿಳಿದರೆ ಸರ್ವಮಂಗಳಕ್ಕನಿಗೆ ಅಲ್ಲಿಗೆ ಹೋಗಲೇಬೇಕು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಗುಟ್ಟು ಹೇಳುವಂತೆ ನನ್ನತ್ತ ಬಗ್ಗಿ, "ಲೇ, ಈ ಕಂಡಕ್ಟರು ಈ ವಾರ ಸ್ನಾನ ಮಾಡವ್ನಾ?" ಎಂದರು. ಬಸ್ಸಿಗೆಲ್ಲ ಕೇಳಿಸಿತು. ಕಂಡಕ್ಟರೇ ನಗುತ್ತ, "ಸೋಮವಾರ ಮಾಡಿವ್ನಿ ಅಂತ ಬರ್‍ದು ಹೇಳಕ್ಕೋ" ಎಂದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆನೇ ಹೊರತು ಬರೆಯಲಿಲ್ಲ. ನಾಚಿಕೆಯಾದ ಕಡೆ ಮಾತು ನುಂಗುವುದು ನನಗೆ ಆಗಲೇ ಅಭ್ಯಾಸವಾಗುತ್ತಿತ್ತು.

ಹೋದ ಮನೆಯ ಜಗಲಿಯಲ್ಲಿ ಕೂತು ಅವರು ಹೇಳುತ್ತಿದ್ದುದು ಇಷ್ಟೇ: "ಕಣ್ ಕಾಣ್ದೋರು ಕೇಳಿ ತಿಳ್ಕತ್ತಾರೆ. ಕಿವಿ ಕೇಳ್ದೋರು ನೋಡಿ ತಿಳ್ಕತ್ತಾರೆ. ಎರಡೂ ಇಲ್ದಿರೋ ನಮಗೆ ಮುಟ್ಟುದ್ರೇನೇ ಲೋಕ. ಮುಟ್ಟಿ ಮಾತಾಡುಸ್ಲಿಲ್ಲ ಅಂದ್ರೆ ನೀವ್ಯಾರೂ ಇಲ್ಲ, ನಾವೂ ಇಲ್ಲ."

ದಬ್ಬೇಘಟ್ಟದಲ್ಲಿ ಗೌರಿ ಎಂಬ ಆರು ವರ್ಷದ ಹುಡುಗಿ ಇದ್ದಳು. ಹುಟ್ಟಿನಿಂದ ಕಿವಿ ಕೇಳದು, ಕಣ್ಣೂ ಮಂಜಾಗುತ್ತಿತ್ತು. ಬಾವಿಗೆ ಬಿದ್ದಾಳೆಂದು ತಾಯಿ ತೋಟಕ್ಕೆ ಹೋಗುವಾಗ ಅವಳನ್ನು ಸೀರೆಯಿಂದ ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳು. ಸರ್ವಮಂಗಳಕ್ಕ ಆ ಸೀರೆಯ ಗಂಟನ್ನು ಮುಟ್ಟಿ ನೋಡಿದರು. ಆಮೇಲೆ, "ಇನ್ನೂ ಒಸಿ ಕಣ್ಣೈತೆ. ಇದ್ದಾಗ್ಲೇ ಅಕ್ಷರ ತೋರುಸ್ಬೇಕು ರತ್ನಿ. ನಂಗೆ ಉಳ್ದಿದ್ದು ಅದೊಂದೇ" ಎಂದರು.

ಮನೆಗೇ ಬಂದು ಕಲಿಸುವ ಮೇಷ್ಟ್ರನ್ನು ಕಳಿಸಿರೆಂದು ಕೇಳಲು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಅವರ ಮಾತು ಕೇಳಿ ನನ್ನತ್ತ ತಿರುಗಿ, "ಕಣ್ಣೂ ಇಲ್ಲ, ಕಿವಿಯೂ ಇಲ್ಲ ಅಂದ್ಮೇಲೆ ಆ ಮಗುಗೆ ಓದು ಯಾಕಮ್ಮ? ಊಟ ಹಾಕ್ಕೊಂಡು ಇಟ್ಕೊಳ್ಳಿ ಅನ್ನಿ. ಇವರನ್ನೂ ಯಾಕೆ ಹೀಗೆ ಎಳ್ಕೊಂಡು ತಿರುಗ್ತೀರ?" ಎಂದರು.

ಸರ್ವಮಂಗಳಕ್ಕ ಅಂಗೈ ಚಾಚಿಕೊಂಡು ಕಾಯುತ್ತಿದ್ದರು. ಆ ಮಾತನ್ನು ಆ ಕೈಮೇಲೆ ಹೇಗೆ ಬರೆಯಲಿ? 'ಕಳಿಸ್ತೀವಿ ಅಂದ್ರು' ಎಂದು ಬರೆದುಬಿಟ್ಟೆ. ಅವರು ಎದ್ದು, ಅಧಿಕಾರಿ ಇದ್ದ ದಿಕ್ಕನ್ನು ಅಂದಾಜು ಮಾಡಿ ಕೈಮುಗಿದರು. ಬಸ್ಸಿನಲ್ಲಿ, "ಒಳ್ಳೇ ಮನುಷ ಕಣೇ" ಎಂದರು.

ಹತ್ತು ತಿಂಗಳು ಕಾದರು. ಇನ್ನೊಮ್ಮೆ ಹೋಗೋಣವೇ ಎಂದು ನಾನು ಬರೆದರೆ, "ಬುಡು, ಒಪ್ಕಂಡೋರ್‍ನ ಕಾಡಬಾರ್ದು" ಎನ್ನುತ್ತಿದ್ದರು. ಆಗಲೂ ನಿಜ ಬರೆಯಲಿಲ್ಲ ನಾನು.

ಒಂದು ದಿನ ಗೌರಿಯ ಅಪ್ಪ ಶೆಡ್ಡಿಗೇ ಬಂದ. "ಯಾವ ಮೇಷ್ಟ್ರೂ ಬರ್ಲಿಲ್ಲ ಕಣಕ್ಕ. ಮಗೀಗೆ ಈಗ ದೀಪಾನೂ ಗೊತ್ತಾಗಕಿಲ್ಲ" ಎಂದ. ಅದನ್ನು ಸರ್ವಮಂಗಳಕ್ಕನ ಅಂಗೈಗೆ ಬರೆದೆ.

"ಕಳಿಸ್ತೀವಿ ಅಂದಿದ್ರಲ್ಲ?"

ನನ್ನ ಬೆರಳು ಅವರ ಅಂಗೈ ಮೇಲೆ ನಿಂತುಹೋಯಿತು. ನಿಂತ ಬೆರಳೇ ಅವರಿಗೆ ಸಾಕಾಯಿತು. ಆಮೇಲೆ ಅಧಿಕಾರಿ ಅಂದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದೆ. ಅವರು ಕೂಗಾಡಲಿಲ್ಲ. ಮೊದಲ ಸಲ ಅವರ ದನಿ ಸಣ್ಣದಾಗಿತ್ತು. "ಬೈದ್ರೆ ಬೈದಂಗೇ ಬರೀಬೇಕು ಕಣೇ. ಬೈಸ್ಕಳಾ ಹಕ್ಕೂ ನಂದೇ. ಬೈದ್ರು ಅಂತ ಗೊತ್ತಾಗಿದ್ರೆ ಮಾರ್‍ನೇ ದಿನ ಮೇಲಿನೋರ್ ತಾವ್ಕೆ ಹೋಗ್ತಿದ್ದೆ."

ಹೋದರು ಕೂಡ, ಗೌರಿಯ ಅಪ್ಪನ ಕೈ ಹಿಡಿದುಕೊಂಡು. ತಿಂಗಳೊಳಗೆ ಮೇಡಂ ಒಬ್ಬರು ದಬ್ಬೇಘಟ್ಟಕ್ಕೆ ಬಂದರು. ಅವರು ಗೌರಿಯ ಕಣ್ಣಿನ ಮುಂದೆ ಬೆರಳಾಡಿಸಿ ನೋಡಿ, "ಹೋದ ವರ್ಷ ಶುರು ಮಾಡಿದ್ರೆ ಎಷ್ಟೋ ಸುಲಭ ಆಗ್ತಿತ್ತು" ಎಂದರಂತೆ. ಅಲ್ಲಿಂದ ಮುಂದೆ ಸರ್ವಮಂಗಳಕ್ಕ ನನ್ನೊಡನೆ ನಗುನಗುತ್ತಲೇ ಮಾತಾಡಿದರು. ಕಚೇರಿಗೆ ಮಾತ್ರ ನನ್ನನ್ನು ಮತ್ತೆ ಕರೆದುಕೊಂಡು ಹೋಗಲಿಲ್ಲ.

ಅವರು ಕಾಯಿಲೆ ಬಿದ್ದು ಮಲಗಿದಾಗ ನೋಡಲು ಹೋದೆ. ಅಂಗೈ ಬಿಡಿಸಿ 'ತಪ್ಪಾಯ್ತು' ಎಂದು ಬರೆದೆ.

"ನನ್ ಕೈಗ್ಯಾಕೆ ಬರೀತೀಯ? ಹೋಗಿದ್ದು ಆ ಮಗೀಂದು. ಅದುರ್ ಕೈಗೆ ಬರಿ" ಎಂದರು. ಮೂರನೆಯ ದಿನಕ್ಕೆ ತೀರಿಕೊಂಡರು.

ವಾರಕ್ಕೊಮ್ಮೆ ಅಜ್ಜಿ ದಬ್ಬೇಘಟ್ಟದ ಬಸ್ಸು ಹತ್ತುವುದು ಯಾಕೆಂದು ನೀವು ಕೇಳುತ್ತಿದ್ದಿರಿ. ಮೇಡಂ ತೆಂಗಿನ ಹಗ್ಗದಲ್ಲಿ ಅಕ್ಷರ ಮಾಡಿ ಹಲಗೆಗೆ ಅಂಟಿಸಿಕೊಟ್ಟಿದ್ದಾರೆ. ಗೌರಿಯ ಬೆರಳನ್ನು ಅದರ ಮೇಲೆ ಆಡಿಸಿ, ಅದನ್ನೇ ಅವಳ ಅಂಗೈಗೆ ಬರೆಯುತ್ತೇನೆ. ಬಹಳ ದಿನ ಅವಳು ಕೈ ಕಿತ್ತುಕೊಳ್ಳುತ್ತಿದ್ದಳು. ಮೊನ್ನೆ 'ಗೌ' ಎಂದು ಬರೆದಾಗ ಸುಮ್ಮನಿದ್ದು, ತನ್ನ ಕಡೆಗೆ ಬೆರಳು ಮಾಡಿಕೊಂಡಳು.

'ತಪ್ಪಾಯ್ತು' ಎಂದು ಬರೆದರೆ ತಿಳಿಯುವಷ್ಟು ಅವಳು ಕಲಿಯಲು ಇನ್ನೂ ಎಷ್ಟು ವರ್ಷ ಬೇಕೋ. ನನಗೆ ಈಗಲೇ ಅರವತ್ತೆಂಟು.